ಹದಿನೈದು ಸಾಲಿನ ಹೆಂಗಸು

ಆ ಕಾದಂಬರಿಯ ಹೆಸರು ಹೇಳುವುದಿಲ್ಲ. ಬರೆದವರು ಇನ್ನೂ ಬರೆಯುತ್ತಿದ್ದಾರೆ, ಸಭೆಗಳಲ್ಲಿ ಶಾಲು ಹೊದೆಸಿಕೊಳ್ಳುತ್ತಿದ್ದಾರೆ, ಒಳ್ಳೆಯ ಮನುಷ್ಯರು ಎಂದೂ ಕೇಳಿದ್ದೇನೆ. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಆಗ ಇತ್ತು. ಅಂಕೋಲೆ ಹತ್ತಿರದ ಕೇಣಿಯ ನನ್ನ ತವರುಮನೆಯ ಬಾಳಂತಿ ಕೋಣೆಯಲ್ಲಿ, ಕಿವಿಗೆ ಹತ್ತಿ ತುರುಕಿಕೊಂಡು, ತಲೆಗೆ ಅವ್ವನ ಹಳೆಯ ಸೀರೆಯ ತುಂಡು ಬಿಗಿದುಕೊಂಡು ಆ ಪುಸ್ತಕವನ್ನು ಓದಿ ಮುಗಿಸಿದ ಮಧ್ಯಾಹ್ನ ಅದನ್ನು ಎದುರಿನ ಗೋಡೆಗೆ ಬೀಸಿ ಒಗೆದೆ. ಸದ್ದಿಗೆ ಮಗು ಬೆಚ್ಚಿಬಿದ್ದು ಕಿರುಚಿತು. ನಾನು ಎದ್ದು ಹೋಗಿ ಎತ್ತಿಕೊಂಡದ್ದು ಪುಸ್ತಕವನ್ನು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿತ್ತು. ನಾನು ಕಾರವಾರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಅಲ್ಲಿಂದಲೇ ಹೊರಡುತ್ತಿದ್ದ ಒಂದು ಸಣ್ಣ ವಾರಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದೆ. ವಿಮರ್ಶೆ ಎಂದರೆ ನನ್ನ ಲೆಕ್ಕದಲ್ಲಿ ಲೇಖಕರ ಕಿವಿ ಹಿಂಡುವುದು. ಅದರಿಂದ ಊರಿನ ಎರಡು ಮೂರು ಕವಿಗಳು ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ನನ್ನ ಗಂಡ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ನನ್ನ ಬರಹ ಓದಿ ಮೆಚ್ಚಿ ಮದುವೆಯಾದವರು, ಮದುವೆಯ ನಂತರ ಓದುವುದನ್ನು ಬಿಟ್ಟವರು. ಅವರ ಮನೆ ಕಾರವಾರದ ಪಕ್ಕದ ಶಿರವಾಡದಲ್ಲಿ, ಮನೆಮಾತು ಕೊಂಕಣಿ. ಅತ್ತೆ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ನಾನು ಆ ಮನೆಗೆ ಹೋದ ಹೊಸತರಲ್ಲಿ, ಬರೆಯುವ ಹೆಣ್ಣು ಅನ್ನಕ್ಕಿಟ್ಟದ್ದನ್ನು ಮರೆಯುತ್ತಾಳೆ ಎಂದು ನನ್ನ ಎದುರಿಗೇ ಹೇಳಿದ್ದರು. ಅನ್ನ ಎರಡು ಸಲ ತಳ ಹಿಡಿದದ್ದು ನಿಜ. ಆದರೂ ಆ ಮಾತು ನನ್ನೊಳಗೆ ಮುಳ್ಳು ಮುರಿದು ಕೂತಿತ್ತು.

ಹೆರಿಗೆಗೆ ಕೇಣಿಗೆ ಬಂದೆ. ಹೆಣ್ಣು ಹುಟ್ಟಿತು, ಆರೋಗ್ಯವಾಗಿತ್ತು. ನಾನೂ ಆರೋಗ್ಯವಾಗಿದ್ದೇನೆ ಎಂದು ಎಲ್ಲರೂ ಹೇಳಿದರು.

ಮಗುವನ್ನು ನೋಡಿದ ಕೂಡಲೇ ಒಳಗಿಂದ ಏನೋ ಉಕ್ಕಿ ಬರುತ್ತದೆ ಎಂದು ಇಪ್ಪತ್ತೆಂಟು ವರ್ಷ ಕೇಳಿಸಿಕೊಂಡು ಬಂದಿದ್ದೆ. ಕಾದೆ. ಮೊದಲ ದಿನ ಬರಲಿಲ್ಲ, ಸುಸ್ತು ಅಂದುಕೊಂಡೆ. ಮೂರನೆಯ ದಿನ ಬರಲಿಲ್ಲ, ಹೊಲಿಗೆಯ ನೋವು ಅಂದುಕೊಂಡೆ. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಟ್ಟರು, ಹೆಂಗಸರು ಹಾಡಿದರು, ನಾನು ಕೂತು ನನ್ನ ಕಾಲಿನ ಉಗುರು ನೋಡುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಒಂದು ಚೀಲ ಕೊಟ್ಟು ಸ್ವಲ್ಪ ನೋಡಿಕೊಳ್ಳಿ ಎಂದು ಹೋದರೆ ನಾವು ಹೇಗೆ ನೋಡಿಕೊಳ್ಳುತ್ತೇವೋ ಹಾಗೆ ನಾನು ಆ ಮಗುವನ್ನು ನೋಡಿಕೊಳ್ಳುತ್ತಿದ್ದೆ. ಜವಾಬ್ದಾರಿಯಿತ್ತು. ಹಾಲು ಕುಡಿಸಿದೆ, ಬಟ್ಟೆ ಬದಲಿಸಿದೆ. ಚೀಲದವರು ಯಾವಾಗ ಬರುತ್ತಾರೆ ಎಂದು ಬಾಗಿಲು ನೋಡುತ್ತಿದ್ದೆ.

ಇಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ. ಇಪ್ಪತ್ತು ದಿನಗಳಾಗುವ ಹೊತ್ತಿಗೆ ಇನ್ನೊಂದು ಶುರುವಾಯಿತು. ನಮ್ಮ ಬಚ್ಚಲು ಮನೆಯ ಹಿಂದೆ, ಬಾವಿ ದಾಟಿ ಹೋಗಬೇಕು. ಬೆಳಗ್ಗೆ ಮಗುವನ್ನು ಮೀಯಿಸುವ ಅಜ್ಜಿ ಬಂದ ಕೂಡಲೇ ನಾನು ಅದನ್ನು ಎತ್ತಿಕೊಂಡು ಅಷ್ಟು ದೂರ ನಡೆಯಬೇಕಿತ್ತು. ಒಂದು ದಿನ ಬಾವಿಯ ಬಳಿ ಬಂದಾಗ ತಲೆಯೊಳಗೆ ಒಂದು ಚಿತ್ರ ಬಂತು. ನನ್ನ ಎರಡೂ ಕೈ ಖಾಲಿಯಾಗಿ ಬಾವಿಯ ಮೇಲೆ ಚಾಚಿಕೊಂಡಿದ್ದವು. ಅಷ್ಟೇ ಚಿತ್ರ. ನಾನು ಬಯಸಿ ತಂದದ್ದಲ್ಲ. ಓಡಿ ಬಚ್ಚಲು ಸೇರಿ ಮಗುವನ್ನು ಅಜ್ಜಿಯ ಕಾಲ ಮೇಲೆ ಮಲಗಿಸಿ ಬಾಗಿಲ ಚೌಕಟ್ಟು ಹಿಡಿದು ನಿಂತೆ. ಮರುದಿನವೂ ಬಂತು. ಆಮೇಲೆ ಬಾವಿಯ ಬಳಿ ಹೋಗದಿದ್ದರೂ ಬರತೊಡಗಿತು. ಊಟ ಮಾಡುವಾಗ ಬಂತು, ಹಾಲು ಕುಡಿಸುವಾಗ ಬಂತು. ನಾನು ಕೆಟ್ಟವಳು ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಅದು ಯಾವತ್ತು ನಡೆದುಹೋಗುತ್ತದೆ ಎಂಬುದಷ್ಟೇ ಗೊತ್ತಿರಲಿಲ್ಲ.

ಆಮೇಲೆ ಅದೂ ಗೊತ್ತಾಯಿತು. ನಮ್ಮ ಮನೆಯಲ್ಲಿ ನಲವತ್ತೊಂದನೆಯ ದಿನ ಬಾಳಂತಿ ಬಾವಿಗೆ ಪೂಜೆ ಮಾಡುತ್ತಾಳೆ. ಅಲ್ಲಿಯವರೆಗೆ ಅವಳು ನೀರು ಸೇದುವ ಹಾಗಿಲ್ಲ, ಹಗ್ಗ ಮುಟ್ಟುವ ಹಾಗಿಲ್ಲ. ಅವತ್ತು ಐದು ಮುತ್ತೈದೆಯರ ನಡುವೆ ಬಾವಿಗೆ ಅರಿಸಿನ ಕುಂಕುಮ ಹಚ್ಚಿ, ಮಗುವನ್ನು ಎತ್ತಿಕೊಂಡು ಮೂರು ಸುತ್ತು ಬಂದು, ಕಟ್ಟೆಗೆ ಬಾಗಿ ಕೆಳಗಿನ ನೀರಿನಲ್ಲಿ ಮಗುವಿಗೆ ಅದರ ಮುಖವನ್ನು ತೋರಿಸಬೇಕು. ನನಗೂ ನನ್ನ ಅವ್ವ ಹಾಗೆ ತೋರಿಸಿದ್ದಳಂತೆ. ಅವ್ವ ಖುಷಿಯಿಂದ ದಿನ ಎಣಿಸುತ್ತಿದ್ದಳು. ನಾನೂ ಎಣಿಸುತ್ತಿದ್ದೆ.

ಹೇಳಲಿಲ್ಲವೇ ಎಂದು ಕೇಳಬೇಡಿ. ಹೇಳಿದೆ. ಅವ್ವ ಕೆಂಡದ ಮೇಲೆ ಓಮ ಹಾಕಿ ಮಗುವಿನ ಬಟ್ಟೆಗೆ ಹೊಗೆ ಕೊಡುತ್ತಿದ್ದಾಗ, ಅವಳ ಬೆನ್ನಿಗೆ ಹೇಳಿದೆ.

“ಅವ್ವ, ನಂಗೆ ಈ ಮಗು ಮೇಲೆ ಏನೂ ಅನ್ಸೂದಿಲ್ಲ.”

“ಎಂತಾ ಅನ್ಸೂದು? ನಿಂಗೆ ನಿದ್ದೆ ಸಾಲೂದಿಲ್ಲ, ಅದ್ಕೇ ಹಂಗೆ. ಇವತ್ತು ಮರಿ ಮೋರಿ ಬಂದದೆ, ಸಾರು ಮಾಡ್ತೆ. ಹಾಲು ಇಳೀತದೆ. ಹಾಲು ಇಳ್ದ್ರೆ ಮಾಯೆನೂ ಇಳೀತದೆ.”

ಮೋರಿ ಮೀನಿನ ಸಾರು ಉಂಡೆ. ಹಾಲು ಇಳಿಯಿತು. ಎರಡು ದಿನ ಬಿಟ್ಟು ಮೀಯಿಸುವ ಅಜ್ಜಿಗೆ ಹೇಳಿದೆ, ನನ್ನ ಕೈಯ ಮೇಲೆ ನನಗೆ ನಂಬಿಕೆ ಇಲ್ಲ ಅಂತ. ಅಜ್ಜಿ ಪಾಪ ನನ್ನ ಎರಡೂ ಮುಂಗೈ ಹಿಡಿದು ನೋಡಿ, “ಸೋತು ಹೋಗದೆ ಮಗಾ, ನಾಳಿಂದ ಎಣ್ಣೆ ಬಿಸಿ ಮಾಡಿ ತಿಕ್ತೆ” ಅಂದಿತು. ತಿಕ್ಕಿತು ಕೂಡ. ಗಂಡ ಪ್ರತಿ ಭಾನುವಾರ ಬೈಕಿನಲ್ಲಿ ಬರುತ್ತಿದ್ದರು. ಬಂದವರು ಮಗುವಿನ ಮೂಗು ಯಾರದು, ಗಲ್ಲ ಯಾರದು ಎಂದು ಹಂಚಿಕೊಡುವುದರಲ್ಲೇ ಹೊತ್ತು ಕಳೆಯುತ್ತಿದ್ದರು. ಅವರಿಗೆ ಹೇಳಲು ಬಾಯಿ ತೆರೆದಾಗಲೆಲ್ಲ ಅವರ ಮುಖದ ಸಂತೋಷ ನೋಡಿ ಬಾಯಿ ಮುಚ್ಚಿದೆ. ಹೇಳಿದ ಮೇಲೆ ಆ ಮನುಷ್ಯ ನನ್ನನ್ನು ಹೇಗೆ ನೋಡಬಹುದು ಎಂದು ಯೋಚಿಸುತ್ತ ಮಗುವಿನ ಬಟ್ಟೆ ಮಡಿಸುತ್ತಿದ್ದೆ.

ಅಂಥದರಲ್ಲಿ ಸಂಪಾದಕರು ಗಂಡನ ಕೈಯಲ್ಲಿ ಆ ಪುಸ್ತಕ ಕಳಿಸಿದರು. ಜೊತೆಗೆ ಒಂದು ಚೀಟಿಯಿತ್ತು. ತಾಯ್ತನದ ಬಗ್ಗೆ ಕನ್ನಡದಲ್ಲಿ ಹಿಂದೆಂದೂ ಬರದಂಥ ಕಾದಂಬರಿಯಂತೆ, ಬಹಳ ಧೈರ್ಯದ್ದಂತೆ, ಮುಂದೆ ಬರಬಹುದಾದ ಒಂದು ಕೆಟ್ಟ ಕಾಲದ ಕಥೆಯಂತೆ, ಬಿಡುವಿದ್ದರೆ ನೀವೇ ಬರೆಯಬೇಕು, ಈಗ ನಿಮಗಿಂತ ಸರಿಯಾದವರು ಯಾರಿದ್ದಾರೆ ಎಂದು. ಬಾಳಂತಿಗೆ ಬಿಡುವಿರುತ್ತದೆ ಎಂದು ಗಂಡಸರು ಮಾತ್ರ ತಿಳಿಯಬಲ್ಲರು. ಆದರೆ ಧೈರ್ಯದ್ದು ಎಂಬ ಮಾತು ನನ್ನನ್ನು ಹಿಡಿಯಿತು. ಧೈರ್ಯದ ಕಾದಂಬರಿಯಾದರೆ ಅದರೊಳಗೆ ಎಲ್ಲಿಯಾದರೂ ನನ್ನಂಥವಳು ಇರಲೇಬೇಕು. ಇದ್ದರೆ ನಾನು ಒಬ್ಬಳೇ ಅಲ್ಲ ಎಂದಾಯಿತು. ಅವಳಿಗೆ ಏನಾಯಿತು, ಅವಳು ಏನು ಮಾಡಿದಳು ಎಂದು ತಿಳಿಯುತ್ತದೆ. ನಲವತ್ತೊಂದನೆಯ ದಿನಕ್ಕೆ ಇನ್ನು ಹದಿನೇಳು ದಿನ ಉಳಿದಿತ್ತು.

ಬಾಳಂತಿ ಓದುವ ಹಾಗಿಲ್ಲ. ಅವ್ವನಿಗೆ ಆ ವಿಷಯದಲ್ಲಿ ರಾಜಿಯೇ ಇಲ್ಲ. “ಈಗ ಓದೂಕಿಲ್ಲ ಮಾರಾಯ್ತಿ, ಕಣ್ಣಿನ ನರ ಹಸಿಯಾಗಿರ್ತದೆ. ಆಮೇಲೆ ನಲವತ್ತಕ್ಕೇ ಕಣ್ಣು ಮಂಜಾಗ್ತದೆ” ಎಂದು ಪುಸ್ತಕವನ್ನು ಅಟ್ಟಕ್ಕೆ ಹಾಕಿದಳು. ಅವಳು ಮೀನು ಕೊಳ್ಳಲು ಬೀದಿಗೆ ಹೋದಾಗ ಕಾಲುಮಣೆ ಹತ್ತಿ ತೆಗೆದೆ. ಹೊಲಿಗೆ ಎಳೆಯಿತು. ಮಗುವಿನ ಬಟ್ಟೆಯ ರಾಶಿಯೊಳಗೆ ಬಚ್ಚಿಟ್ಟು, ಮಾಡಿನ ಒಂದೇ ಒಂದು ಗಾಜಿನ ಹೆಂಚಿನಿಂದ ಬೀಳುತ್ತಿದ್ದ ಬೆಳಕಿನ ಚೌಕದಲ್ಲಿ ಹಿಡಿದು ಓದುತ್ತಿದ್ದೆ. ಹೊತ್ತು ಏರಿದಂತೆ ಚೌಕ ಹಾಸಿಗೆಯಿಂದ ಗೋಡೆಯ ಕಡೆಗೆ ಸರಿಯುತ್ತಿತ್ತು, ನಾನೂ ಅದರ ಹಿಂದೆ ಸರಿಯುತ್ತಿದ್ದೆ. ದಿನಕ್ಕೆ ಐವತ್ತು ಪುಟ ಆಗುತ್ತಿತ್ತು.

ಕಥೆ ಹೀಗಿತ್ತು. ಒಂದು ದೇಶ. ಅಲ್ಲಿ ತಾಯಿಗೂ ಮಗುವಿಗೂ ಅಂಟು ಬೆಳೆದರೆ ಜನ ಸರಕಾರಕ್ಕಿಂತ ಮನೆಯನ್ನು ಹೆಚ್ಚು ಪ್ರೀತಿಸುತ್ತಾರೆ ಎಂದು, ಹುಟ್ಟಿದ ನೂರನೆಯ ದಿನ ಚೀಟಿ ಎತ್ತಿ ಮಗುವನ್ನು ಬೇರೆ ತಾಯಿಗೆ ಕೊಡುತ್ತಾರೆ. ಮುಂದೆ ಪ್ರತಿ ವರ್ಷವೂ ಹಾಗೆಯೇ ಬದಲಾವಣೆ. ಬೂದು ಸೀರೆ ಉಟ್ಟ ಅಧಿಕಾರಿಣಿಯರು ಮನೆ ಮನೆಗೆ ಬಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನಾಯಕಿ ತನ್ನ ಮಗುವನ್ನು ಕೊಡಲೊಲ್ಲದೆ ಬೆನ್ನಿಗೆ ಕಟ್ಟಿಕೊಂಡು ಗಡಿಯ ಕಡೆಗೆ ಓಡುತ್ತಾಳೆ.

ನಿಜ ಹೇಳುತ್ತೇನೆ. ಆ ದೇಶದ ಕಾನೂನು ಓದಿದಾಗ ಲೇಖಕರು ನನ್ನನ್ನು ನಡುಗಿಸಬೇಕೆಂದುಕೊಂಡಿದ್ದರು. ನನಗೆ ಆ ದೇಶಕ್ಕೆ ಹೋಗಿಬಿಡಬೇಕು ಅನ್ನಿಸಿತು. ನೂರನೆಯ ದಿನ ಯಾರೋ ಬಂದು ಕೈ ಚಾಚುತ್ತಾರೆ, ಗಟ್ಟಿಯಾದ, ನಡುಗದ ಕೈ. ಅದು ಸುಖದ ಕನಸಿನ ಹಾಗೆ ಕಂಡಿತು. ಹಾಗೆ ಕಂಡದ್ದಕ್ಕೆ ನಾಚಿಕೆಯಾಗಿ ಪುಸ್ತಕ ಮುಚ್ಚಿ ಮಗುವಿನ ಕಡೆಗೆ ಬೆನ್ನು ಮಾಡಿ ಮಲಗಿದೆ.

ಆದರೂ ಓದಿದೆ. ನೂರು ಪುಟ, ನೂರೈವತ್ತು ಪುಟ. ನಾಯಕಿಗೆ ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಲ್ಲೇ ವಾತ್ಸಲ್ಯ ಉಕ್ಕುತ್ತದೆ. ನಾಲ್ಕು ದಿನ ಉಪವಾಸವಿದ್ದರೂ ಎದೆಯಲ್ಲಿ ಹಾಲು ಬತ್ತುವುದಿಲ್ಲ. ಒಂದು ಸಲವೂ ಆಕೆಗೆ ಮಗುವಿನ ಅಳು ಕರ್ಕಶವಾಗಿ ಕೇಳಿಸುವುದಿಲ್ಲ. ದೇಶ, ಸರಕಾರ, ಮದುವೆ, ಧರ್ಮ ಎಲ್ಲವನ್ನೂ ತಲೆಕೆಳಗು ಮಾಡಿ ನೋಡಿದ ಲೇಖಕರು ಇದೊಂದನ್ನು ಮಾತ್ರ ನಮ್ಮ ಕೇಣಿಯ ಹೆಂಗಸರು ತೊಟ್ಟಿಲ ಸುತ್ತ ಹಾಡಿದ ಹಾಡಿನಲ್ಲಿ ಹೇಗಿತ್ತೋ ಹಾಗೆಯೇ ಇಟ್ಟಿದ್ದರು. ಇದಕ್ಕೆ ಧೈರ್ಯ ಎಂದು ಹೆಸರು.

ನೂರ ಎಪ್ಪತ್ತರ ಆಚೆ ಎಲ್ಲೋ ಅವಳು ಸಿಕ್ಕಳು. ನಾಯಕಿಯ ಬೀದಿಯಲ್ಲಿ ಮೂರನೆಯ ಮನೆಯವಳು. ಅವಳಿಗೆ ಹೆಸರಿಲ್ಲ. ಬೂದು ಸೀರೆಯವರು ಬಂದಾಗ ಎಲ್ಲ ಹೆಂಗಸರೂ ಎದೆ ಬಡಿದುಕೊಂಡರೆ ಇವಳು ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಾನೇ ತಂದು ಕೊಡುತ್ತಾಳೆ. ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ಹದಿನೈದು ಸಾಲು. ಅವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಮುಂದಿನ ಪುಟ ತಿರುಗಿಸಿದೆ. ಮುಂದಿನ ಪುಟದಲ್ಲಿ ಅವಳಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಉಳಿದ ನೂರು ಚಿಲ್ಲರೆ ಪುಟಗಳನ್ನು ನಾನು ಓದಿದ್ದು ಅವಳಿಗಾಗಿ. ಕೊನೆಯ ಅಧ್ಯಾಯದಲ್ಲಿ ಒಂದು ವಾಕ್ಯ ಬಂತು: ನಾಯಕಿಯ ಗುಟ್ಟನ್ನು ಸರಕಾರಕ್ಕೆ ಹೇಳಿಕೊಟ್ಟವಳು ಅವಳೇ, ಅವಳು ಹೆಣ್ಣಲ್ಲ, ಕಲ್ಲು. ಅಲ್ಲಿಗೆ ಅವಳ ಕಥೆ ಮುಗಿಯಿತು. ನಾಯಕಿ ಗಡಿ ದಾಟಿದಳು, ಸೂರ್ಯ ಹುಟ್ಟಿದ.

ಆ ಮಧ್ಯಾಹ್ನವೇ ನಾನು ಪುಸ್ತಕ ಒಗೆದದ್ದು.

ಮರುದಿನ ವಿಮರ್ಶೆ ಬರೆಯಲು ಕೂತೆ. ಕಾಲೇಜಿನಿಂದ ತಂದ ಗೆರೆಯ ಹಾಳೆಗಳಿದ್ದವು. ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳದಿದ್ದರೆ ಬರೆದದ್ದನ್ನಾದರೂ ಓದುತ್ತಾರೆ ಎಂದು ನನಗೊಂದು ಮೊಂಡು ನಂಬಿಕೆ. ಅಚ್ಚಾದ ಮಾತಿಗೆ ಬಾಯಿಮಾತಿಗಿಂತ ತೂಕ ಹೆಚ್ಚು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಂಡು ಬಂದವಳು ನಾನು. ನಾಯಕಿಯ ಬಗ್ಗೆ, ಭಾಷೆಯ ಬಗ್ಗೆ ಬರೆಯಬೇಕಾದ್ದನ್ನು ಬೇಗ ಬೇಗ ಬರೆದು ಮುಗಿಸಿದೆ. ಆಮೇಲೆ ಮೂರನೆಯ ಮನೆಯವಳ ಬಗ್ಗೆ ಬರೆದೆ. ಲೇಖಕರು ಅವಳನ್ನು ಕಲ್ಲು ಎನ್ನುತ್ತಾರೆ, ಆದರೆ ಅವಳ ಬಾಗಿಲನ್ನು ಒಮ್ಮೆಯೂ ತಟ್ಟಲಿಲ್ಲ. ತಟ್ಟಿದ್ದರೆ ಗೊತ್ತಾಗುತ್ತಿತ್ತು, ಅವಳು ಮಗುವನ್ನು ಕೊಟ್ಟದ್ದು ಉಳಿಸಲಿಕ್ಕೆ. ಸರಕಾರದಿಂದಲ್ಲ, ತನ್ನಿಂದಲೇ ಉಳಿಸಲಿಕ್ಕೆ. ತನ್ನ ಕೈಗೆ ತಾನೇ ಹೆದರಿದ ಹೆಂಗಸು ಆ ದೇಶದಲ್ಲಿ ಮಾತ್ರ ಇರುವುದಿಲ್ಲ, ಈಗಲೇ, ಇಲ್ಲೇ, ಗಾಜಿನ ಹೆಂಚಿನ ಕೆಳಗೆ ಕೂತಿರಬಹುದು. ಅವಳ ಕಡೆ ನೋಡಲು ಆಗದ ಕಾದಂಬರಿ ಯಾವ ಕೆಟ್ಟ ಕಾಲವನ್ನೂ ಕಲ್ಪಿಸಲಾರದು. ಇದನ್ನೆಲ್ಲ ಬರೆಯುವಾಗ ನನ್ನ ಕೈ ನಡುಗಲಿಲ್ಲ. ಬರೆದು ಮುಗಿಸಿದ ಮೇಲೆ ಅಳು ಬಂತೋ ಇಲ್ಲವೋ ನೆನಪಿಲ್ಲ.

ಗಂಡ ಭಾನುವಾರ ಬಂದು ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟುಕೊಂಡು ಹೋದರು. ಮುಂದಿನ ಸಂಚಿಕೆಯಲ್ಲೇ ಅಚ್ಚಾಯಿತು. ಕೆಳಗೆ ಸಂಪಾದಕರು ತಮ್ಮದೊಂದು ಸಾಲು ಸೇರಿಸಿದ್ದರು: ಲೇಖಕಿ ಈಚೆಗಷ್ಟೇ ತಾಯಿಯಾಗಿದ್ದಾರೆ, ಪತ್ರಿಕೆಯ ಅಭಿನಂದನೆಗಳು.

ಅವರು ಮನೆಯ ಫೋನಿಗೂ ಮಾಡಿದರು. ಅವ್ವ ಹಗ್ಗದಷ್ಟು ಉದ್ದದ ವಯರು ಎಳೆದು ತಂದು ಹತ್ತಿ ತೆಗೆಸಿ ಕಿವಿಗೆ ಹಿಡಿದಳು. “ಮೇಡಂ, ಲೇಖಕರ ಜುಟ್ಟು ಸರಿಯಾಗಿ ಹಿಡಿದಿದ್ದೀರಿ. ಆ ಮೂರನೇ ಮನೆಯ ಪಾತ್ರದ ವಿಶ್ಲೇಷಣೆ ಅದ್ಭುತ, ಒಳ್ಳೆಯ ತಾತ್ವಿಕ ನೆಲೆ” ಎಂದರು. ಸಹೋದ್ಯೋಗಿಯೊಬ್ಬರು ಪಾತ್ರದ ಒಳಗೆ ಹೊಕ್ಕಿದ್ದೀರಿ ಎಂದು ಹೇಳಿ ಕಳಿಸಿದರು. ಗಂಡ ಐದು ಪ್ರತಿ ಕೊಂಡು ತಂದು ಹಾಸಿಗೆಯ ಮೇಲೆ ಹರಡಿದರು. ಅದರಲ್ಲಿ ಒಂದನ್ನು ಅವ್ವ ಮಗುವಿನ ಹಾಸಿಗೆಯ ಕೆಳಗೆ ಹಾಸಿದಳು, ಚಾಪೆ ಒದ್ದೆಯಾಗದಿರಲಿ ಎಂದು. ಅಲ್ಲಿಗೆ ಬರೆಯುವವಳಾಗಿ ನನ್ನ ಹತ್ತಿರ ಏನಿತ್ತೋ ಅದೂ ಮುಗಿಯಿತು. ಊರಿಗೆಲ್ಲ ಕೂಗಿ ಹೇಳಿದ್ದೆ, ಊರೆಲ್ಲ ಚಪ್ಪಾಳೆ ತಟ್ಟಿತು. ಇನ್ನು ಮೂರು ದಿನ ಇತ್ತು.

ಆ ಮೂರು ದಿನ ನಾನು ಮಗುವನ್ನು ಎತ್ತುವುದನ್ನು ಆದಷ್ಟು ಕಡಿಮೆ ಮಾಡಿದೆ. ಸೊಂಟ ನೋವು ಎಂದೆ, ತಲೆ ತಿರುಗುತ್ತದೆ ಎಂದೆ. ಮಲಗಿಕೊಂಡೇ ಹಾಲು ಕುಡಿಸಿದೆ. ಅವ್ವ ಉಪ್ಪು ಮೆಣಸು ನೀವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ, ಹಾಗಾದರೆ ದೃಷ್ಟಿ ಬಲವಾಗಿಯೇ ಆಗಿದೆ ಎಂದು ಲೇಖನ ಓದಿದವರನ್ನೆಲ್ಲ ಬೈದಳು. ನಲವತ್ತೊಂದನೆಯ ದಿನ ಬೆಳಗ್ಗೆ ನನಗೆ ಜ್ವರವಾದರೂ ಬರಲಿ ಎಂದು ಬೇಡಿಕೊಂಡೆ. ಬರಲಿಲ್ಲ.

ಹತ್ತು ಗಂಟೆಗೆ ಅತ್ತೆ ಬಂದರು. ಅಂಕೋಲೆಯವರೆಗೆ ಬಸ್ಸು, ಅಲ್ಲಿಂದ ಆಟೋ. ಗಂಡ ಹಿಂದೆ ಚೀಲ ಹಿಡಿದು ಬಂದರು. ಅತ್ತೆ ಕಾಲು ತೊಳೆದು, ಬೆನ್ನು ನೆಟ್ಟಗೆ ಮಾಡಿ ಜಗಲಿಯಲ್ಲಿ ಕೂತು, ಮಗುವನ್ನು ತರಿಸಿಕೊಂಡು ತೊಡೆಯ ಮೇಲೆ ಹಾಕಿಕೊಂಡರು. ಚಹಾ ಕೊಟ್ಟರೆ ಒಂದೇ ಕೈಯಲ್ಲಿ ಕುಡಿದರು. ನನ್ನನ್ನು ಒಮ್ಮೆ ನೋಡಿದರು, ಕಾಪಿ ಪುಸ್ತಕ ನೋಡಿದ ಹಾಗೆ. ತಪಾಸಣೆಗೆ ಬಂದಿದ್ದಾರೆ ಎಂದುಕೊಂಡೆ.

ಬಾವಿಕಟ್ಟೆ ಸಾರಿಸಿ ರಂಗೋಲಿ ಹಾಕಿತ್ತು. ನೆರೆಮನೆಯ ಹೆಂಗಸರು ಹರಿವಾಣ ಹಿಡಿದು ನಿಂತಿದ್ದರು. ನಾನು ಅರಿಸಿನ ಹಚ್ಚಿದೆ, ಕುಂಕುಮ ಇಟ್ಟೆ, ವೀಳ್ಯದೆಲೆ ನೀರಿಗೆ ಬಿಟ್ಟೆ. ಎಲೆ ಕೆಳಗೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂದು ನನಗೆ ಈಗಲೂ ಗೊತ್ತಿದೆ. ಅವ್ವ ಅತ್ತೆಯ ಕಡೆ ತಿರುಗಿ ಕೈ ಚಾಚಿದಳು.

“ಮಗೂನ ಕೊಡಿ. ಸುತ್ತು ಬರೂಕೆ ಹೊತ್ತಾಯ್ತು.”

“ಮಗೂಗೆ ಶೀತ ಆಗದೆ,” ಅತ್ತೆ ಹೇಳಿದರು. “ನಾ ಕೊಡೂದಿಲ್ಲ.”

“ಒಂದ್ ಚಣ ಅಷ್ಟೇ. ಶಾಸ್ತ್ರ ಅಲ್ವಾ.”

“ಶಾಸ್ತ್ರ ನೀರಿಗೆ. ಅವ್ಳು ಒಂದ್ ಕೊಡ ಸೇದ್ಲಿ, ಸಾಕು. ಮಗು ಇಲ್ಲೇ ಇರ್ತದೆ.”

ಮಗುವಿಗೆ ಶೀತವೂ ಇರಲಿಲ್ಲ ಏನೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅವ್ವನ ಮುಖ ಕೆಂಪಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗಂಡ, “ಆಯೀ, ಎಂತಕ್ಕೆ ಹಟ” ಎಂದು ಒಂದು ಹೆಜ್ಜೆ ಮುಂದೆ ಬಂದರು. ಅತ್ತೆ ಮಗುವಿನ ತಲೆಗೆ ಸೆರಗು ಮುಚ್ಚಿ, ಬಾವಿಗೆ ಪೂರ್ತಿ ಬೆನ್ನು ತಿರುಗಿಸಿ, ಹತ್ತು ಹೆಜ್ಜೆ ದೂರ ಹೋಗಿ ತೆಂಗಿನ ಬುಡದಲ್ಲಿ ನಿಂತರು. ಎಲ್ಲರ ಎದುರು ಹೆತ್ತವಳಿಗೆ ಮಗುವನ್ನು ಕೊಡದೆ ಅವಮಾನ ಮಾಡಿದರು ಎಂದು ನನ್ನ ತವರಿನವರು ಬಹಳ ಕಾಲ ಹೇಳಿಕೊಂಡರು. ನನಗೆ ಮಾತ್ರ ನಿರಾಳವಾಯಿತು. ಹಗ್ಗ ಹಿಡಿದು ನೀರು ಸೇದಿದೆ. ಕೊಡದ ಅರ್ಧ ನೀರು ಕಾಲ ಮೇಲೆ ಚೆಲ್ಲಿತು.

ಊಟಕ್ಕೆ ಎಲೆ ಹಾಕುತ್ತಿದ್ದಾಗ ಅತ್ತೆ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. ಮಗು ಅವರ ಹೆಗಲ ಮೇಲೆ ನಿದ್ದೆ ಮಾಡಿತ್ತು.

“ನಿನ್ನ ಲೇಖನ ಓದ್ದೆ. ಮೂರ್ ಸಲ ಓದ್ದೆ.”

“ತಪ್ಪು ಎಲ್ಲಿದೆ?” ನಾನು ಕೇಳಿದೆ. ನನಗೆ ಗೊತ್ತಿದ್ದ ಅತ್ತೆ ಅವರು.

“ತಪ್ಪಿಲ್ಲ. ಆ ಮೂರನೇ ಮನೆ ಹೆಂಗ್ಸು ಆ ಪುಸ್ತಕದಲ್ಲಿ ಎಷ್ಟು ಇದ್ದಾಳೆ?”

“ಹದಿನೈದು ಸಾಲು.”

“ಹದಿನೈದು ಸಾಲಿನ ಹೆಂಗ್ಸಿಗೆ ನೀ ಅರ್ಧ ಲೇಖನ ಬರ್ದಿ.” ಅವರು ಮಂಚದ ತುದಿಗೆ ಕೂತರು. “ಮೂವತ್ತು ವರ್ಷ ಮಕ್ಳ ಉತ್ತರ ಪತ್ರಿಕೆ ತಿದ್ದಿದ್ದೆ ನಾನು. ಕೇಳದೇ ಇದ್ದ ಪ್ರಶ್ನೆಗೆ ಉದ್ದುದ್ದ ಉತ್ತರ ಬರೀತಾವಲ್ಲ ಕೆಲವು ಮಕ್ಳು, ಅವು ಎಂತಕ್ಕೆ ಬರೀತಾವೆ ಅಂತ ನಂಗೆ ಗೊತ್ತದೆ. ಎಷ್ಟು ದಿವ್ಸ ಆತು ಹಿಂಗಾಗಿ?”

“ಹುಟ್ಟಿದಾಗಿಂದ.”

“ನಿನ್ನ ಕೈಯಿಂದ ಎಂತಾದ್ರೂ ಆಗ್ತದೆ ಅಂತ ಹೆದ್ರಿಕೆನಾ?”

ನಾನು ತಲೆ ಆಡಿಸಿದೆ. ಆಮೇಲೆ ಬಾವಿ ಎಂದೆ. ಆ ಒಂದು ಶಬ್ದ ಹೇಳಲು ನನಗೆ ನಲವತ್ತೊಂದು ದಿನ ಹಿಡಿದಿತ್ತು. ಅವರು ನನ್ನನ್ನು ತಬ್ಬಿಕೊಳ್ಳಲಿಲ್ಲ, ತಲೆ ನೇವರಿಸಲಿಲ್ಲ. ಹೆಗಲ ಮೇಲಿದ್ದ ಮಗುವನ್ನು ಇನ್ನೊಂದು ಹೆಗಲಿಗೆ, ನನ್ನಿಂದ ದೂರದ ಹೆಗಲಿಗೆ ಬದಲಿಸಿದರು. ಅದನ್ನು ನಾನು ನೋಡಿದೆ.

“ರಡ್ ನಾಕಾ ಗೊ,” ಅಂದರು ಕೊಂಕಣಿಯಲ್ಲಿ, ಅಳಬೇಡ ಎಂದು. “ನಾಳೆ ಕಾರವಾರಕ್ಕೆ ಹೋಗ್ವ. ಡಾಕ್ಟರಿಗೆ ತೋರ್ಸುವ. ಇದು ಕಾಯಿಲೆ.”

ಮೂರು ತಿಂಗಳಾಗದೆ ಬಾಳಂತಿ ತವರು ಬಿಡುವುದುಂಟೇ ಎಂದು ಅವ್ವ ಅತ್ತು ರಂಪ ಮಾಡಿದಳು. “ನಾ ಎಂತಾ ಕಡಿಮೆ ಮಾಡ್ದೆ ನಿಂಗೆ?” ಎಂದು ನನ್ನ ಎರಡೂ ಭುಜ ಹಿಡಿದು ಕೇಳಿದಳು. ಏನೂ ಕಡಿಮೆ ಮಾಡಿರಲಿಲ್ಲ. ಅವಳಿಗೆ ಗೊತ್ತಿದ್ದುದನ್ನೆಲ್ಲ ಮಾಡಿದ್ದಳು. ನಾನು ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದರೆ ತಾಯಿ ಎಂಬುದರ ಬಗ್ಗೆ ಅವಳು ನಂಬಿಕೊಂಡು ಬಂದದ್ದೆಲ್ಲ ಕೈಬಿಡಬೇಕಾಗುತ್ತಿತ್ತು, ಪಾಪ, ಅದು ಅವಳಿಂದ ಹೇಗೆ ಸಾಧ್ಯ. ಮರುದಿನ ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಬಾಳೆಗುಳಿ ದಾಟಿದ ಮೇಲೆ ಗಂಡ ಮುಂದಿನ ಸೀಟಿನಿಂದ ತಿರುಗದೆಯೇ ಅಂದರು, “ನನಗೆ ಹೇಳ್ಬೇಕಿತ್ತು ನೀನು.”

“ಹೇಳಿದ್ದೆ. ನೀವೇ ಕಿಸೇಲಿ ಇಟ್ಕೊಂಡು ಹೋಗಿ ಅಚ್ಚಿಗೆ ಕೊಟ್ರಿ.”

ಕಾರವಾರದ ಡಾಕ್ಟರು ವಯಸ್ಸಾದ ಹೆಂಗಸು. ನಾನು ಹೇಳಿದ್ದನ್ನು ಕೇಳಿ ಹೌಹಾರಲಿಲ್ಲ, ಅಷ್ಟೇ ನನಗೆ ದೊಡ್ಡದಾಗಿ ಕಂಡಿತು. ಹೆರಿಗೆಯ ನಂತರ ಹೀಗೆ ಆಗುವುದುಂಟು, ಗುಣವಾಗುತ್ತದೆ, ಆದರೆ ಸಮಯ ಬೇಕು ಎಂದು ಮಾತ್ರೆ ಬರೆದರು. ಸದ್ಯಕ್ಕೆ ಮಗುವಿನೊಂದಿಗೆ ಒಬ್ಬಳನ್ನೇ ಬಿಡಬೇಡಿ ಎಂದು ಅತ್ತೆಗೆ ಹೇಳಿದರು. ನನ್ನ ಎದುರಿಗೇ ಹೇಳಿದರು.

ಅತ್ತೆ ಬಿಡಲಿಲ್ಲ. ಶಿರವಾಡದ ಆ ಮನೆಯಲ್ಲಿ ನಾನು ಸ್ನಾನಕ್ಕೆ ಹೋದರೆ ಮಗು ಅಡುಗೆಮನೆಗೆ ಹೋಗುತ್ತಿತ್ತು. ನಾನು ಹಾಲು ಕುಡಿಸುವಾಗ ಅವರು ಎದುರಿಗೆ ಕೂತು ತರಕಾರಿ ಹೆಚ್ಚುತ್ತಿದ್ದರು, ಕಣ್ಣು ಮಾತ್ರ ಇಲ್ಲಿ. ಗಂಡ ಕಚೇರಿಗೆ ರಜೆ ಹಾಕಿ ಮನೆಯಲ್ಲಿದ್ದ ದಿನ ಅವರಿಗೂ ಅದೇ ಅಪ್ಪಣೆ. ನಾನು ಕೇಳಿಕೊಂಡದ್ದೇ ಇದು. ನನ್ನ ಕೈಯಿಂದ ಮಗುವನ್ನು ತೆಗೆದುಕೊಳ್ಳುವವರು ಬರಲಿ ಎಂದು ಕಾದವಳು ನಾನೇ. ಬಂದ ಮೇಲೆ ಅದು ಇಷ್ಟು ಉರಿಯುತ್ತದೆ ಎಂದು ತಿಳಿದಿರಲಿಲ್ಲ. ಅವರು ನನ್ನ ಮಾತನ್ನು ನಂಬಿದರು, ನನ್ನನ್ನು ನಂಬಲಿಲ್ಲ. ಒಮ್ಮೆ ಜಗಳವಾಡಿದೆ ಕೂಡ, ನಾನೇನು ಕೊಲೆಗಾರ್ತಿಯೇ ಎಂದು. ಅತ್ತೆ ಈಳಿಗೆಯಿಂದ ತಲೆ ಎತ್ತದೆ, “ನಂಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ಅದ್ಕೇ ಕೂತಿದ್ದೆ” ಅಂದರು. ಅಷ್ಟು ಕ್ರೂರವಾದ ಮಾತನ್ನು ಅಷ್ಟು ಸರಿಯಾಗಿ ನನಗೆ ಯಾರೂ ಹೇಳಿರಲಿಲ್ಲ.

ಮಾತ್ರೆ ತೆಗೆದುಕೊಂಡೆ. ಬಾವಿಯ ಚಿತ್ರ ಒಂದೇ ಸಲಕ್ಕೆ ಹೋಗಲಿಲ್ಲ. ದಿನಕ್ಕೆ ಹತ್ತು ಸಲ ಬರುತ್ತಿದ್ದದ್ದು ಎರಡು ಸಲ ಆಯಿತು, ಆಮೇಲೆ ವಾರಕ್ಕೊಮ್ಮೆ. ಹೋದ ಜಾಗದಲ್ಲಿ ಪ್ರೀತಿ ಬಂದು ಕೂತಿತೇ ಎಂದರೆ ಅದೂ ಇಲ್ಲ. ಬಹಳ ದಿನ ಆ ಜಾಗ ಖಾಲಿಯಾಗಿಯೇ ಇತ್ತು. ಕಾಲೇಜಿಗೆ ರಜೆ ಮುಂದುವರಿಸಿ ಬರೆದೆ. ಸಂಪಾದಕರು ಮತ್ತೆರಡು ಪುಸ್ತಕ ಕಳಿಸಿದರು, ಬಿಚ್ಚಲಿಲ್ಲ.

ಮಗುವಿಗೆ ಆರು ತಿಂಗಳು ತುಂಬಿ ಕೆಲವು ದಿನಗಳಾಗಿದ್ದವು. ಗಂಡ ಕಚೇರಿಗೆ ಹೋಗಿದ್ದರು. ಮನೆ ಬಾಗಿಲಿಗೆ ಬರುವ ಮೀನಿನವಳು ಅವತ್ತು ಬರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಅತ್ತೆ ಸೀರೆ ಬದಲಿಸಿದರು, ಚೀಲ ತೆಗೆದುಕೊಂಡರು. ಮಗುವನ್ನೂ ಎತ್ತಿಕೊಳ್ಳುತ್ತಾರೆ ಎಂದು ನಾನು ಅದರ ಟೊಪ್ಪಿ ತಂದೆ. ಅವರು ಚಪ್ಪಲಿ ಮೆಟ್ಟಿ, “ಪೇಟೆಗೆ ಹೋಗಿ ಬತ್ತೆ” ಎಂದು ಹೊರಟೇಬಿಟ್ಟರು. ಗೇಟಿನ ಅಗುಳಿ ಬಿದ್ದ ಸದ್ದು ಕೇಳಿತು.

ಮಗು ಚಾಪೆಯ ಮೇಲೆ ನಿದ್ದೆ ಮಾಡಿತ್ತು. ನಾನು ಟೊಪ್ಪಿ ಹಿಡಿದು ನಿಂತಿದ್ದೆ. ಹೊರಗೆ ಹೋಗಿ ಅವರನ್ನು ಕೂಗಲೇ ಎಂದುಕೊಂಡೆ, ಕೂಗಿದರೆ ಬರುತ್ತಿದ್ದರು. ಕೂಗಲಿಲ್ಲ. ಕೈ ಬೆವರಿದ್ದನ್ನು ಸೀರೆಗೆ ಒರೆಸಿಕೊಂಡು ಚಾಪೆಯ ಪಕ್ಕ ನೆಲದ ಮೇಲೆ ಕೂತೆ. ಮಗು ಅಲುಗದೆ ಮಲಗಿತ್ತು. ಎಷ್ಟು ಅಲುಗದೆ ಎಂದರೆ ನನಗೆ ಇದ್ದಕ್ಕಿದ್ದಂತೆ ಭಯವಾಗಿ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರು ತಗುಲಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದೆ.

ಅತ್ತೆ ಬರುವ ಹೊತ್ತಿಗೆ ಒಂದೂವರೆ ಗಂಟೆ ಆಗಿತ್ತು. ಮುಖವೆಲ್ಲ ಬೆವರು. ಚೀಲವನ್ನು ಹೊಸ್ತಿಲಲ್ಲೇ ಇಟ್ಟು, ನನ್ನ ಕಡೆ ನೋಡದೆ ನೇರ ಚಾಪೆಗೆ ಬಂದು ಬಾಗಿ, ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದರು. ನನಗೆ ಸಿಟ್ಟು ಬರಲಿಲ್ಲ. ಅಷ್ಟು ಹೊತ್ತೂ ನಾನು ಮಾಡುತ್ತಿದ್ದುದು ಅದನ್ನೇ.